ನೆಲವನ್ನರಿತು ಹಾರಿದ ನೆವಿಲ್ ವಿನ್ಸೆಂಟ್

ಫೋರ್ಟ್ ಕೊಚ್ಚಿಯಿಂದ ನೆಡುಂಬಾಶೇರಿಗೆ ಹೋಗಿ ವಿಮಾನವೇರುವ ನಾವು, ಈ ಕರಾವಳಿಗೆ ಟಪಾಲು ವಿಮಾನ ತಂದವರಲ್ಲೊಬ್ಬರಾದ ನೆವಿಲ್ ವಿನ್ಸೆಂಟರನ್ನು ನೆನೆಯುವುದು ಉಚಿತ. ದಕ್ಷಿಣ ಆಫ್ರಿಕದಲ್ಲಿ ಹುಟ್ಟಿ, ಬ್ರಿಟಿಷ್ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ ಅವರು 1929ರಲ್ಲಿ ಭಾರತಕ್ಕೆ ಬಂದರು. ಊರೂರಿಗೆ ಹಾರಿ, ಜನರನ್ನು ವಿಮಾನದಲ್ಲಿ ಸುತ್ತಾಡಿಸುವುದು ಅವರ ಕಸುಬಾಯಿತು. ಹೋದಲ್ಲೆಲ್ಲ ಇಳಿಯಲು ತಕ್ಕ ಬಯಲು ಬೇಕು.

ಒಂದೇ ಎಂಜಿನ್ನಿನ ವಿಮಾನ. ಅದು ನಿಂತ ಮೇಲೆ ಹುಡುಕಲು ವೇಳೆಯಿಲ್ಲ. ಚಾಲಕನಾದವನು ಹಾರುವಾಗಲೇ ಕೆಳಗಣ ಬಯಲನ್ನು ಕಣ್ಣಲ್ಲಿಟ್ಟಿರಬೇಕು. ಹೊಗೆ ಗಾಳಿಯ ದಿಕ್ಕನ್ನು ತೋರುತ್ತದೆ. ಗಾಳಿಗೆದುರಾಗಿ ಇಳಿದರೆ ನೆಲದ ಮೇಲಿನ ಓಟ ಕಡಮೆ. ಹಸುರು ಗದ್ದೆ ಮೇಲಿನಿಂದ ಸಮವಾಗಿ ಕಂಡರೂ ಅದರ ಕೆಸರು, ಬದುಗಳು ಗಾಲಿ ಹಿಡಿದು ವಿಮಾನವನ್ನು ಮಗುಚಬಲ್ಲವು. ಮರ, ತಂತಿಗಳಿಲ್ಲದ ಗಟ್ಟಿ ಬಯಲೇ ಲೇಸು.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ವಿನ್ಸೆಂಟರು ಮುಂದೊಯ್ದರು. ಇರುಳಿನಲ್ಲಿ ಇಳಿಯಲು ದೀಪಗಳಿಲ್ಲದ ಕಾಲ. ನಮ್ಮ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದರಾಸು ಸೇರಿದರು. 1935ರಲ್ಲಿ ಗೋವೆ, ಕಣ್ಣಾನೂರುಗಳ ಮಾರ್ಗವಾಗಿ ತಿರುವನಂತಪುರಕ್ಕೂ ದಾರಿ ತೆರೆಯಿತು. ಕೆಳಗೆ ತೆಂಗಿನ ತೋಟ, ಹಿನ್ನೀರು. ಇಳಿಯಲು ತೆರವಾದ ನೆಲ ವಿರಳ. ಆ ದಾರಿಯಲ್ಲಿ ನವೆಂಬರ್ 1ರಂದು ತಿರುವಾಂಕೂರಿನ ಅಂಚೆ ಹೊತ್ತ ವಿಮಾನ ಮುಂಬಯಿಗೆ ಹೊರಟಿತು.

1942ರಲ್ಲಿ, ಯುದ್ಧಕಾಲದಲ್ಲಿ, ಇಂಗ್ಲೆಂಡಿನಿಂದ ಹಿಂದಿರುಗುವಾಗ ವಿನ್ಸೆಂಟರಿದ್ದ ವಿಮಾನ ಕಣ್ಮರೆಯಾಯಿತು. ನಮಗೆ ಹಿಡಿ ಬಯಲು ತೋರಿದವರಿಗೆ ಕೊನೆಗೆ ಬಯಲು ದೊರೆಯಲಿಲ್ಲ. ನವೆಂಬರ್ 1 ಕನ್ನಡಿಗರಿಗೂ ಕೇರಳೀಯರಿಗೂ ನಾಡು ಕೂಡಿದ ದಿನ. ಅದಕ್ಕೂ 21 ವರ್ಷ ಮೊದಲು ಅದೇ ದಿನ ಹಾರಿದ ವಿಮಾನವನ್ನೂ ನಾವು ಸ್ಮರಿಸೋಣ.