ವಿಜ್ಞಾನ ಸೀಟು ಸಿಗದ ಊರಲ್ಲೇ ಸರ್ಜನ್ ಜನರಲ್ ಆದ ಡಾ. ಮೇರಿ: ತಾಯಂದಿರ ಜೀವ ಕಾಯ್ದ ವೈದ್ಯೆಯ ಕಥೆ

ತಿರುವನಂತಪುರಂ: ಹೆಣ್ಣು ಎಂಬ ಒಂದೇ ಕಾರಣಕ್ಕೆ ವಿಜ್ಞಾನ ಓದಲು ಅವಕಾಶ ಸಿಗದ ಯುವತಿ, ಮುಂದೆ ಅದೇ ಊರಿನಲ್ಲಿ ಇಡೀ ಸಂಸ್ಥಾನದ ಆರೋಗ್ಯ ಇಲಾಖೆಯ ಚುಕ್ಕಾಣಿ ಹಿಡಿದರು. ಅವರೇ ದೇಶದ ಮೊದಲ ಮಹಿಳಾ ಸರ್ಜನ್ ಜನರಲ್ ಡಾ. ಮೇರಿ ಪೂನನ್ ಲೂಕೋಸ್.

1886ರಲ್ಲಿ ಕೊಟ್ಟಾಯಂ ಬಳಿಯ ಅಯ್ಮನಂನಲ್ಲಿ ಜನಿಸಿದ ಮೇರಿ ಅವರ ತಂದೆ ಟಿ.ಇ. ಪೂನನ್ ತಿರುವಾಂಕೂರಿನ ರಾಜವೈದ್ಯರು. ಮಗಳಿಗೂ ವೈದ್ಯೆಯಾಗುವ ಆಸೆ. ಆದರೆ ತಿರುವನಂತಪುರಂನ ಮಹಾರಾಜ ಕಾಲೇಜಿನಲ್ಲಿ ಸಿಕ್ಕಿದ್ದು ಇತಿಹಾಸ. 1909ರಲ್ಲಿ ಬಿ.ಎ. ಮುಗಿಸಿದ ಅವರು ಛಲ ಬಿಡದೆ ಲಂಡನ್‌ಗೆ ತೆರಳಿ, 1915ರಲ್ಲಿ ಎಂಬಿಬಿಎಸ್ ಪದವಿ ಪಡೆದರು. ಡಬ್ಲಿನ್‌ನ ರೊಟುಂಡಾ ಆಸ್ಪತ್ರೆಯಲ್ಲಿ ಹೆರಿಗೆ ಚಿಕಿತ್ಸೆಯ ತರಬೇತಿಯನ್ನೂ ಪಡೆದರು.

ಹೆರಿಗೆ ಎಂದರೆ ಸಾವಿನ ಭಯ

1916ರಲ್ಲಿ ತಾಯ್ನಾಡಿಗೆ ಮರಳಿ ತೈಕ್ಕಾಡ್‌ನ ಮಹಿಳಾ ಮತ್ತು ಮಕ್ಕಳ ಆಸ್ಪತ್ರೆ ಸೇರಿದಾಗ ಪೆನ್ಸಿಲಿನ್ ಇನ್ನೂ ಬಂದಿರಲಿಲ್ಲ. ತೊಳೆಯದ ಕೈ, ಕುದಿಸದ ಕತ್ತರಿಯಿಂದ ನಂಜು ತಗುಲಿದರೆ ಬಾಣಂತಿ ಬದುಕುಳಿಯುವುದೇ ಕಷ್ಟ. ಹೊಕ್ಕುಳ ಬಳ್ಳಿಯ ಮೂಲಕ ಧನುರ್ವಾಯು ತಗುಲಿದರೆ ಮಗುವಿನ ಜೀವಕ್ಕೂ ಕುತ್ತು. ಸ್ವಚ್ಛತೆಯೇ ಆಗ ದೊಡ್ಡ ಮದ್ದು.

ಹೆಚ್ಚಿನ ಹೆರಿಗೆಗಳು ಮನೆಯಲ್ಲೇ, ಸೂಲಗಿತ್ತಿಯರ ಕೈಯಲ್ಲೇ ಆಗುತ್ತಿದ್ದವು. ಅವರನ್ನು ದೂರವಿಟ್ಟರೆ ಪ್ರಯೋಜನವಿಲ್ಲ ಎಂದರಿತ ಮೇರಿ, ಪ್ರಸೂತಿ ತರಬೇತಿ ಆರಂಭಿಸಿ ಸೂಲಗಿತ್ತಿಯರ ಮಕ್ಕಳನ್ನೇ ಅದಕ್ಕೆ ಸೇರಿಸಿಕೊಂಡು ಅವರ ವಿಶ್ವಾಸ ಗಳಿಸಿದರು. 1920ರಲ್ಲಿ ಕೇರಳದ ಮೊದಲ ಸಿಸೇರಿಯನ್ ಹೆರಿಗೆ ಮಾಡಿಸಿದ್ದೂ ಇವರೇ ಎನ್ನಲಾಗಿದೆ.

1922ರಲ್ಲಿ ತಿರುವಾಂಕೂರು ಶಾಸನಸಭೆಗೆ ನಾಮನಿರ್ದೇಶನಗೊಂಡ ಮೇರಿ, 1938ರಲ್ಲಿ ಸರ್ಜನ್ ಜನರಲ್ ಆದರು. ಅಮೆರಿಕದಲ್ಲಿ ಮಹಿಳೆಯೊಬ್ಬರು ಈ ಹೆಸರಿನ ಹುದ್ದೆಗೇರಿದ್ದು 1990ರಲ್ಲಿ! ನಾಗರಕೋಯಿಲ್‌ನ ಕ್ಷಯರೋಗ ಆಸ್ಪತ್ರೆ, ತಿರುವನಂತಪುರಂನ ಎಕ್ಸ್‌ರೇ ಮತ್ತು ರೇಡಿಯಂ ಸಂಸ್ಥೆಗಳೂ ಅವರ ಕೊಡುಗೆ.

ಗರ್ಭದಲ್ಲೇ ಕಾಡುವ ಸೋಂಕು

ತಾಯಿಯ ಸೋಂಕು ಹೆರಿಗೆಗೂ ಮೊದಲೇ ಮಗುವಿಗೆ ಹಾನಿ ಮಾಡಬಲ್ಲದು ಎಂಬ ಅರಿವು ಅದೇ ಕಾಲದಲ್ಲಿ ಬೆಳೆಯುತ್ತಿತ್ತು. 1941ರಲ್ಲಿ ಆಸ್ಟ್ರೇಲಿಯಾದ ನೇತ್ರ ವೈದ್ಯ ನಾರ್ಮನ್ ಗ್ರೆಗ್, ಗರ್ಭಿಣಿಯರಿಗೆ ತಗುಲಿದ ರುಬೆಲ್ಲಾಕ್ಕೂ ಶಿಶುಗಳ ಕಣ್ಣಿನ ಪೊರೆಗೂ ನಂಟಿದೆ ಎಂದು ತೋರಿಸಿದರು. ಗರ್ಭದ ಮೊದಲ 3 ತಿಂಗಳಲ್ಲಿ ಈ ಸೋಂಕು ತಗುಲಿದರೆ ಕಿವುಡುತನ, ಹೃದಯದ ದೋಷದ ಅಪಾಯವೂ ಹೆಚ್ಚು.

1975ರಲ್ಲಿ ಪದ್ಮಶ್ರೀ ಪಡೆದ ಮೇರಿ, 1976ರ ಅಕ್ಟೋಬರ್ 2ರಂದು ನಿಧನರಾದರು. ಇದಾಗಿ ನಾಲ್ಕು ದಶಕಗಳ ಬಳಿಕ, 2017ರಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಮೊದಲು ಕರ್ನಾಟಕದಲ್ಲಿ, ನಂತರ ಕೇರಳದಲ್ಲಿ ನಡೆಯಿತು. ಈ ಲಸಿಕೆಯನ್ನು ಗರ್ಭಿಣಿಯರಿಗೆ ಕೊಡುವಂತಿಲ್ಲ; ಹೆಣ್ಣುಮಕ್ಕಳು ತಾಯಿಯಾಗುವ ಮೊದಲೇ ಪಡೆದಿರಬೇಕು.