ಲಾಂಬರೆನೆಯ ವೈದ್ಯ ದಂಪತಿಗಳು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಹಲವರು ದಾದಿಯರ ಕೆಲಸವನ್ನು ಕೈಕೊಂಡವರಾದುದರಿಂದ, ಡಾಕ್ಟರ್ ಆಲ್ಬರ್ಟ್ ಶ್ವೈಟ್ಸರ್‌ರವರ ಚರಿತ್ರೆಯನ್ನು ಈ ಸಂಚಿಕೆಯಲ್ಲಿ ಬರೆಯುವುದು ಯುಕ್ತವೆಂದು ತೋರಿತು. ಅವರ ಚರಿತ್ರೆಯನ್ನು ಹೇಳುವವರು ಅವರ ಪತ್ನಿಯ ವಿಷಯವನ್ನು ಒಂದೆರಡು ಮಾತುಗಳಲ್ಲಿ ಮುಗಿಸಿಬಿಡುವುದುಂಟು. ನಾವು ಹಾಗೆ ಮಾಡಲಾರೆವು.

ಶ್ವೈಟ್ಸರ್‌ರವರು 1875ನೆಯ ಇಸವಿ ಜನವರಿ 14ರಂದು, ಆಗ ಜರ್ಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಆಲ್ಸೇಸ್ ಪ್ರಾಂತದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಮೂವತ್ತು ವರ್ಷ ತುಂಬುವುದರೊಳಗೆ ತತ್ತ್ವಶಾಸ್ತ್ರ, ದೇವಶಾಸ್ತ್ರ, ಆರ್ಗನ್ ವಾದನ ಈ ಮೂರರಲ್ಲಿಯೂ ಹೆಸರು ಪಡೆದರು. 1904ರಲ್ಲಿ ಪ್ಯಾರಿಸ್ ಮಿಶನ್ನಿನ ಪತ್ರಿಕೆಯಲ್ಲಿ, ಆಫ್ರಿಕಾ ಖಂಡದ ಗಬಾನ್ ಸೀಮೆಗೆ ಕೆಲಸಗಾರರು ಸಾಲದೆಂಬ ಲೇಖನವು ಅವರ ಕಣ್ಣಿಗೆ ಬಿತ್ತು. ಸ್ಟ್ರಾಸ್‌ಬರ್ಗಿನ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳುತ್ತಿದ್ದವರು ಮರುವರ್ಷ ಅಲ್ಲಿಯೇ ವಿದ್ಯಾರ್ಥಿಯಾಗಿ ಕುಳಿತು ವೈದ್ಯವಿದ್ಯೆಯನ್ನು ಆರಂಭಿಸಿದರು. ಬಂಧುಮಿತ್ರರು ಇದನ್ನು ಹುಚ್ಚೆಂದೆಣಿಸಿದರು.

ಹಾಗೆಣಿಸದವರಲ್ಲಿ ಒಬ್ಬರು ಹೆಲೀನ್ ಬ್ರೆಸ್ಲೌ. ಇತಿಹಾಸದ ಪ್ರಾಧ್ಯಾಪಕರ ಮಗಳಾದ ಈಕೆಯು ಆ ಪಟ್ಟಣದ ಅನಾಥ ಮಕ್ಕಳ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದರು. ಆಫ್ರಿಕದ ಕೆಲಸಕ್ಕಾಗಿಯೇ ದಾದಿಯ ಶಿಕ್ಷಣವನ್ನು ಪಡೆದರು. 1912ರಲ್ಲಿ ಇವರ ವಿವಾಹವಾಯಿತು. ಶ್ವೈಟ್ಸರ್‌ರವರ ಮತಾಭಿಪ್ರಾಯಗಳ ವಿಷಯದಲ್ಲಿ ಮಿಶನ್ನಿನ ಹಿರಿಯರಿಗೆ ಶಂಕೆಯಿದ್ದುದರಿಂದ, ತಾವು ಬೋಧಿಸದೆ ಚಿಕಿತ್ಸೆಯನ್ನು ಮಾತ್ರ ಮಾಡುವುದಾಗಿ ಅವರು ಮಾತುಕೊಡಬೇಕಾಯಿತು. ಅಲ್ಲಿದ್ದ ಮಿಶನರಿಗಳೇ ಮುಂದೆ ಅವರನ್ನು ಆ ಮಾತಿನಿಂದ ಬಿಡಿಸಿದರು.

1913ರ ಏಪ್ರಿಲ್ 16ರಂದು ದಂಪತಿಗಳು ಓಗೊವೆ ನದಿಯ ತೀರದ ಲಾಂಬರೆನೆಯನ್ನು ಸೇರಿದರು. ಮೊದಲು ದೊರೆತ ಚಿಕಿತ್ಸಾಲಯವೆಂದರೆ ಹಳೆಯದೊಂದು ಕೋಳಿಮನೆ! ಅದಕ್ಕೆ ಸುಣ್ಣ ಬಳಿದು ಕೆಲಸಕ್ಕೆ ತೊಡಗಿದರು. ಚಳಿಜ್ವರ, ನಿದ್ರಾರೋಗ, ಕುಷ್ಠ, ಆಮಶಂಕೆ, ವ್ರಣಗಳಿಂದ ನರಳುವವರು ದೋಣಿಗಳಲ್ಲಿ ಬರತೊಡಗಿದರು. ಮೊದಲ ಒಂಬತ್ತು ತಿಂಗಳುಗಳಲ್ಲಿ ಬಂದವರು ಸುಮಾರು 2000 ಮಂದಿ. ದುಭಾಷಿಯಾಗಿ ನೆರವಾದ ಜೋಸೆಫ್ ಅಜ್ವಾವಾನಿ ಎಂಬಾತನು ಹಿಂದೆ ಅಡಿಗೆಯವನಾಗಿದ್ದುದರಿಂದ, ರೋಗಿಗೆ ನೋವು ಎಲ್ಲಿದೆಯೆಂಬುದನ್ನು ಅಡಿಗೆಮನೆಯ ಮಾಂಸದ ತುಂಡುಗಳ ಹೆಸರಿನಿಂದಲೇ ತಿಳಿಸುತ್ತಿದ್ದನಂತೆ. ಆದರೂ ಈತನಿಲ್ಲದಿದ್ದರೆ ವೈದ್ಯರ ವಿದ್ಯೆಯೆಲ್ಲ ಮೂಕವಾಗಿರುತ್ತಿತ್ತು. ಉಪಕರಣಗಳನ್ನು ಶುದ್ಧಿಮಾಡಿಡುವುದು, ಪಟ್ಟಿಗಳನ್ನು ಸಿದ್ಧಪಡಿಸುವುದು, ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಮೂರ್ಛೆಯ ಔಷಧವನ್ನು ಕೊಡುವುದು, ಇವೆಲ್ಲ ಹೆಲೀನ್‌ರವರ ಪಾಲಿನ ಕೆಲಸ. ಇದರ ಮೇಲೆ ಮನೆವಾರ್ತೆ ಬೇರೆ.

ರೋಗಿಯೊಡನೆ ಮನೆಯವರೂ ಬಂದಿಳಿದು, ಅಲ್ಲಿಯೇ ಒಲೆ ಹೂಡಿ ಅಡಿಗೆ ಮಾಡುತ್ತಿದ್ದರು. ವೈದ್ಯರು ಇದನ್ನು ತಡೆಯಲಿಲ್ಲ. ಪರಸ್ಥಳದಲ್ಲಿ ಒಂಟಿಯಾಗಿ ಮಲಗುವ ಭಯದಿಂದಲೇ ಜನರು ದೂರ ಉಳಿದಾರೆಂದು ಅವರು ಬಲ್ಲವರಾಗಿದ್ದರು.

1914ರಲ್ಲಿ ಮಹಾಯುದ್ಧವು ಮೊದಲಾಯಿತು. ಫ್ರೆಂಚರ ವಸಾಹತಿನಲ್ಲಿದ್ದ ಜರ್ಮನ್ ಪ್ರಜೆಗಳೆಂಬ ಕಾರಣದಿಂದ ಇವರು ಕಾವಲಿಗೊಳಪಟ್ಟು, 1917ರಲ್ಲಿ ಫ್ರಾನ್ಸಿನ ಸೆರೆಶಿಬಿರಗಳಿಗೆ ಒಯ್ಯಲ್ಪಟ್ಟರು. ಹೆಲೀನ್‌ರವರ ದೇಹಸ್ಥಿತಿಯು ಕೆಟ್ಟಿತು. 1919ರಲ್ಲಿ, ತಂದೆಯ ಹುಟ್ಟಿದ ದಿನದಂದೇ, ಮಗಳು ರೇನಾ ಜನಿಸಿದಳು. 1924ರಲ್ಲಿ ಶ್ವೈಟ್ಸರ್‌ರವರು ಆಫ್ರಿಕಕ್ಕೆ ಮರಳಿದಾಗ ತಾಯಿಮಗಳು ಯೂರೋಪಿನಲ್ಲೇ ಉಳಿಯಬೇಕಾಯಿತು. ಕಲಿತ ವಿದ್ಯೆ, ಆರಿಸಿಕೊಂಡ ಕೆಲಸ ಎರಡನ್ನೂ ದೂರದಿಂದ ನೋಡುತ್ತಿರಬೇಕಾದ ಆ ಸ್ತ್ರೀಯ ಮನಸ್ಸನ್ನು ನಾವು ಅನೇಕ ಸಲ ನೆನೆದಿದ್ದೇವೆ.

ಹಳೆಯ ಕಟ್ಟಡಗಳು ಶಿಥಿಲವಾಗಿದ್ದುವು. 1925ರಲ್ಲಿ ಆಮಶಂಕೆಯೂ ಕ್ಷಾಮವೂ ಕೂಡಿ ಬಂದುವು. ಸ್ಥಳ ಸಾಲದೆ, ನದಿಯ ಮೇಲ್ಗಡೆ ಸುಮಾರು 3 ಕಿಲೋಮೀಟರ್ ದೂರದಲ್ಲಿ ಕಾಡು ಕಡಿದು ಹೊಸ ಆಸ್ಪತ್ರೆಯನ್ನು ಕಟ್ಟಿ, 1927ರ ಜನವರಿಯಲ್ಲಿ ರೋಗಿಗಳನ್ನು ಅಲ್ಲಿಗೆ ಸಾಗಿಸಿದರು. 1952ನೆಯ ಸಾಲಿನ ನೊಬೆಲ್ ಶಾಂತಿ ಬಹುಮಾನದ ಹಣವು ಕುಷ್ಠರೋಗಿಗಳ ವಸತಿಗೆ ವಿನಿಯೋಗವಾಯಿತು.

ಕೀರ್ತಿಯೊಂದಿಗೆ ಆಕ್ಷೇಪಣೆಗಳೂ ಬಂದುವು. ಆಫ್ರಿಕದವರನ್ನು ಅವರು ಕಿರಿಯ ತಮ್ಮಂದಿರಂತೆ ಕಂಡರೇ ಹೊರತು ಸಮಾನರೆಂದು ಎಣಿಸಲಿಲ್ಲವೆಂಬುದು ಅವುಗಳಲ್ಲಿ ಮುಖ್ಯವಾದುದು. ಇದನ್ನು ನಾವು ತಳ್ಳಿಹಾಕಲಾರೆವು. 1960ರಲ್ಲಿ ಗಬಾನ್ ಸ್ವತಂತ್ರವಾದರೂ ಆಸ್ಪತ್ರೆಯ ಹೊಣೆ ಯೂರೋಪಿನವರ ಕೈಯಲ್ಲೇ ಇತ್ತು. ತನ್ನ ಸ್ಥಾನದಲ್ಲಿ ನಿಲ್ಲತಕ್ಕವರನ್ನು ಆ ನೆಲದಲ್ಲಿಯೇ ಸಿದ್ಧಪಡಿಸುವ ಕೆಲಸವು ಹಿಂದೆ ಬಿದ್ದುದು, ಕಲಿಸುವುದೇ ಕಸಬಾಗಿರುವ ನಮಗೆ ದೊಡ್ಡ ಕೊರತೆಯಾಗಿಯೇ ಕಾಣುತ್ತದೆ.

ಹೆಲೀನ್‌ರವರು ನಡುನಡುವೆ ಲಾಂಬರೆನೆಗೆ ಬಂದುಹೋದರು. ಎರಡನೆಯ ಮಹಾಯುದ್ಧದ ನಡುವೆ, 1941ರಲ್ಲಿ, ಒಂಟಿಯಾಗಿ ಸುತ್ತುದಾರಿ ಹಿಡಿದು ಗಂಡನನ್ನು ಸೇರಿ, ಯುದ್ಧ ಮುಗಿಯುವವರೆಗೂ ಅಲ್ಲಿದ್ದರು. 1957ರಲ್ಲಿ ಜ್ಯೂರಿಕ್ ಪಟ್ಟಣದಲ್ಲಿ ತೀರಿಕೊಂಡರು. ಅವರ ಭಸ್ಮವನ್ನು ಲಾಂಬರೆನೆಗೆ ತಂದು ಹೂಳಲಾಯಿತು. 1965ರ ಸೆಪ್ಟೆಂಬರ್ 4ರಂದು ಶ್ವೈಟ್ಸರ್‌ರವರೂ ಅಲ್ಲಿಯೇ ನಿಧನ ಹೊಂದಿ, ಪತ್ನಿಯ ಪಕ್ಕದಲ್ಲಿ ಮಣ್ಣಾದರು. ಬಾಲ್ಯದಲ್ಲಿ ತಂದೆಯ ಮುಖವನ್ನು ಅಪರೂಪವಾಗಿ ಕಂಡಿದ್ದ ರೇನಾರವರು ಆಸ್ಪತ್ರೆಯ ಆಡಳಿತವನ್ನು ವಹಿಸಿಕೊಂಡು, 1970ರವರೆಗೆ ನಡೆಯಿಸಿದರು.