ಶಾಲೆಯ ಬಾಗಿಲು ತೆರೆಸಿದ ವಕೀಲರು: ಕುದ್ಮುಲ್ ರಂಗರಾಯರು

ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಶಾಲೆಗೆ ಜಾಗ ಕೊಟ್ಟವರನ್ನು, ಕಟ್ಟಡಕ್ಕಾಗಿ ಮನೆ ಮನೆ ತಿರುಗಿದವರನ್ನು, ಕಲಿಸಿದ ಗುರುಗಳನ್ನು ನೆನೆಯುವುದು ರೂಢಿ. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರು ಈ ಸಂಚಿಕೆಯಲ್ಲೇ ಬೇಕಾದಷ್ಟು ಮಂದಿ ಇದ್ದಾರೆ. ನಾನು ಬರೆಯಹೊರಟಿರುವುದು ನಮ್ಮ ಶಾಲೆ ಆರಂಭವಾಗುವುದಕ್ಕೆ ಹತ್ತಿರ ಹತ್ತಿರ ಅರ್ಧ ಶತಮಾನ ಮೊದಲೇ ತೀರಿಕೊಂಡ ಒಬ್ಬರ ಬಗ್ಗೆ. ಮುಂಡಾಜೆಯ ಮಕ್ಕಳೆಲ್ಲ, ಯಾವ ಜಾತಿಯವರೇ ಆಗಲಿ, ಒಂದೇ ಬೆಂಚಿನಲ್ಲಿ ಕೂತು ಒಂದೇ ಹಾಜರಿ ಪುಸ್ತಕದಲ್ಲಿ ಹೆಸರು ಬರೆಸುವುದು ನಮ್ಮ ಬ್ಯಾಚಿನವರಿಗೆ ಮಾತಾಡಬೇಕಾದ ವಿಷಯವೇ ಆಗಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಅದು ತಾನಾಗಿ ಬಂದದ್ದಲ್ಲ. ಅದಕ್ಕೆ ತನ್ನ ಹಣ, ಜಾತಿ, ನೆಂಟಸ್ತಿಕೆ ಎಲ್ಲವನ್ನೂ ಪಣಕ್ಕಿಟ್ಟವರು ಕುದ್ಮುಲ್ ರಂಗರಾಯರು.

ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ತಾಲೂಕಿನ ಕುದ್ಮುಲ್‌ನಲ್ಲಿ. ಕಾಸರಗೋಡು ಆಗ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಕೇರಳಕ್ಕೆ ಹೋದದ್ದು 1956ರಲ್ಲಿ. ತಂದೆ ದೇವಪ್ಪಯ್ಯ, ತಾಯಿ ಗೌರಿ. ಸಾರಸ್ವತ ಬ್ರಾಹ್ಮಣ ಕುಟುಂಬ, ಶ್ರೀಮಂತಿಕೆ ಏನೂ ಇಲ್ಲ. ಹದಿಹರೆಯದಲ್ಲೇ ತಂದೆ ತೀರಿಕೊಂಡಾಗ ಮನೆಯ ಭಾರ ಹುಡುಗನ ಹೆಗಲಿಗೆ ಬಿತ್ತು. ಮಂಗಳೂರಿಗೆ ಬಂದು ತಿಂಗಳಿಗೆ 8 ರೂಪಾಯಿ ಸಂಬಳಕ್ಕೆ ಶಾಲಾ ಮಾಸ್ತರಾದರು. ಕಲಿಸುತ್ತಲೇ ಓದಿ ಪ್ಲೀಡರ್ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ಪರ ನಿಲ್ಲುವ, ಸುಳ್ಳು ಕೇಸು ಹಿಡಿಯದ ವಕೀಲರೆಂದು ಹೆಸರಾಯಿತು. ಅಷ್ಟಕ್ಕೇ ನಿಂತಿದ್ದರೆ ಒಳ್ಳೆಯ ಮನೆ ಕಟ್ಟಿಸಿಕೊಂಡು, ಮರ್ಯಾದೆಯಿಂದ ಬದುಕಿ ಹೋಗುತ್ತಿದ್ದರು. ನಮಗೆ ಅವರ ಹೆಸರೂ ಗೊತ್ತಿರುತ್ತಿರಲಿಲ್ಲ.

ಅವರ ದಿಕ್ಕು ಬದಲಾದದ್ದರಲ್ಲಿ ಮಂಗಳೂರಿನ ಬ್ರಹ್ಮಸಮಾಜದ ಪಾಲು ದೊಡ್ಡದು. ಬಿಲ್ಲವ ಮುಖಂಡ ಅರಸಪ್ಪನವರ ಒತ್ತಾಸೆಯೂ ಸೇರಿ 1870ರಲ್ಲಿ ಅಲ್ಲಿ ಬ್ರಹ್ಮಸಮಾಜ ಹುಟ್ಟಿತ್ತು. ಅದನ್ನು ಮುನ್ನಡೆಸಿದ ಉಳ್ಳಾಲ ರಘುನಾಥಯ್ಯನವರನ್ನು ರಂಗರಾಯರು ಗುರುವೆಂದೇ ತಿಳಿದರು. ಜಾತಿ ಸುಳ್ಳೆಂದು ಸಭೆಯಲ್ಲಿ ಹೇಳಿ, ಮನೆಗೆ ಹೋಗಿ ಮಡಿಯಲ್ಲಿ ಊಟಕ್ಕೆ ಕೂರುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ರಂಗರಾಯರು ಹೇಳಿದ್ದನ್ನು ಮಾಡಹೊರಟರು.

ಆ ಕಾಲದ ಸ್ಥಿತಿ ಹೇಗಿತ್ತೆಂದು ಇಂದಿನ ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ದೇಶದಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ಹೋದದ್ದು 1843ರಲ್ಲಿ. ಅದು ಕಾಗದದ ಮೇಲೆ. ನಮ್ಮ ಜಿಲ್ಲೆಯ ಗದ್ದೆ ತೋಟಗಳಲ್ಲಿ ಮೂಲದಾಳುಗಳೆಂದು ಕರೆಸಿಕೊಂಡು, ಧಣಿಯ ಮನೆಯ ಸಾಲಕ್ಕೋ ಅನ್ನಕ್ಕೋ ಕಟ್ಟುಬಿದ್ದ ದಲಿತ ಕುಟುಂಬಗಳು ಆ ಮೇಲೂ ತಲೆಮಾರುಗಟ್ಟಲೆ ದುಡಿದವು. ಅವರಿಗೆ ಸ್ವಂತದ್ದೆಂದು ಅಂಗೈಯಗಲ ಜಾಗ ಇರಲಿಲ್ಲ; ಕೊಟ್ಟಿಗೆಯಂಥ ಕೊಪ್ಪವೂ ಧಣಿಯ ಜಾಗದಲ್ಲಿ. ಬಾವಿ ಬೇರೆ, ದಾರಿ ಬೇರೆ. ಇಂಥವರ ಮಗು ಸ್ಲೇಟು ಹಿಡಿದರೆ ನಾಳೆ ದನ ಮೇಯಿಸುವುದು ಯಾರು, ನೇಜಿ ನೆಡುವುದು ಯಾರು? ಶಾಲೆಗೆ ಬಂದ ವಿರೋಧವೆಲ್ಲ ಮಡಿ ಮೈಲಿಗೆಯದ್ದೆಂದು ನಾವು ತಿಳಿಯುತ್ತೇವೆ. ಅರ್ಧದಷ್ಟಾದರೂ ಅದು ಕೂಲಿಯ ಲೆಕ್ಕಾಚಾರವಾಗಿತ್ತು ಎಂಬುದು ನನ್ನ ಅಭಿಪ್ರಾಯ.

1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯ ಒಂದು ಬಾಡಿಗೆ ಮನೆಯಲ್ಲಿ ರಂಗರಾಯರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸುತ್ತಲಿನವರ ವಿರೋಧದಿಂದ ಅಲ್ಲಿಂದ ಎದ್ದು ಬೇರೆಡೆ ಹೋಗಬೇಕಾಯಿತು. ಹೋದಲ್ಲೂ ಅದೇ ಕಥೆ. ಕಲಿಸಲು ಮೇಲ್ಜಾತಿಯ ಮಾಸ್ತರುಗಳು ಬರಲೊಪ್ಪದೆ ಕ್ರೈಸ್ತ ಶಿಕ್ಷಕರನ್ನು ಕರೆತಂದರು. ಶಾಲೆ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆಯಿತು. ಹೀಗೆ ಬರಬರುತ್ತ ಅತ್ತಾವರದ ಬಾಬುಗುಡ್ಡೆ, ದಡ್ಡಲಕಾಡು, ಮುಲ್ಕಿ, ಉಡುಪಿ ಎಂದು ಶಾಲೆಗಳ ಸಂಖ್ಯೆ ಬೆಳೆಯಿತೇ ಹೊರತು ಕಡಿಮೆಯಾಗಲಿಲ್ಲ.

ಶಾಲೆ ತೆರೆಯುವುದು ಒಂದು ಕೆಲಸ, ಅದರೊಳಗೆ ಮಕ್ಕಳನ್ನು ಉಳಿಸುವುದು ಇನ್ನೊಂದು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಹೊಟ್ಟೆ ಖಾಲಿ. ದನ ಮೇಯಿಸಿದರೆ ಒಂದು ಹೊತ್ತಿನ ಗಂಜಿಯಾದರೂ ಸಿಗುತ್ತದೆ, ಅಕ್ಷರದಿಂದ ಏನು ಸಿಗುತ್ತದೆ ಎಂದು ತಂದೆತಾಯಿ ಯೋಚಿಸಿದರೆ ಅದು ತಪ್ಪಲ್ಲ. ರಂಗರಾಯರು ಅವರಿಗೆ ಉಪದೇಶ ಮಾಡುತ್ತ ಕೂರಲಿಲ್ಲ. ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆ ಕೊಡತೊಡಗಿದರು, ಮಧ್ಯಾಹ್ನದ ಊಟ ಹಾಕಿಸಿದರು.

ಎರಡು ಪೈಸೆಯೆಂದರೆ ಈಗ ನಗು ಬರುತ್ತದೆ. ಲೆಕ್ಕ ಹಾಕುವುದು ನನ್ನ ವೃತ್ತಿಯಾದ್ದರಿಂದ ಸುಮ್ಮನೆ ಹಾಕಿ ನೋಡಿದೆ. ಆಗ ರೂಪಾಯಿಗೆ 64 ಪೈಸೆ. ತಿಂಗಳಲ್ಲಿ 25 ದಿನ ಶಾಲೆ ಎಂದುಕೊಂಡರೆ ಒಂದು ಮಗುವಿಗೆ 50 ಪೈಸೆ. ಹತ್ತು ಮಕ್ಕಳಾದರೆ 500 ಪೈಸೆ, ಅಂದರೆ 8 ರೂಪಾಯಿಗೆ ಸ್ವಲ್ಪವೇ ಕಡಿಮೆ. ಮಂಗಳೂರಿಗೆ ಬಂದ ಹೊಸತರಲ್ಲಿ ಅವರಿಗೆ ಇಡೀ ತಿಂಗಳ ಸಂಬಳವಾಗಿ ಸಿಗುತ್ತಿದ್ದ ಮೊತ್ತವದು! ಊಟ, ಬಾಡಿಗೆ, ಮಾಸ್ತರರ ಸಂಬಳ ಎಲ್ಲ ಬೇರೆ. ನಮ್ಮ ರಾಜ್ಯದ ಪ್ರೌಢಶಾಲೆಗಳಿಗೆ ಅಕ್ಷರ ದಾಸೋಹ ಬಂದದ್ದು 2007ರಲ್ಲಿ, ನಾನು ಹತ್ತನೇ ತರಗತಿ ಮುಗಿಸಿ ಹೋದ ಮೇಲೆ. ನಾವು ಬುತ್ತಿ ತಂದವರು. ಬುತ್ತಿ ತರದ ಗೆಳೆಯರು ಮಧ್ಯಾಹ್ನ ಬೋರ್‌ವೆಲ್‌ನ ಹತ್ತಿರ ಯಾಕೆ ಅಷ್ಟು ಹೊತ್ತು ಇರುತ್ತಿದ್ದರೆಂದು ನಾವು ಕೇಳುತ್ತಿರಲಿಲ್ಲ. ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ ಎಂಬುದನ್ನು ಮಂಗಳೂರಿನ ವಕೀಲರೊಬ್ಬರು ಅದಕ್ಕೆ ನೂರು ವರ್ಷ ಮೊದಲೇ ಕಂಡುಕೊಂಡು, ಸ್ವಂತ ಕಿಸೆಯಿಂದ ದಾರಿ ಹುಡುಕಿದ್ದರು.

ಮದ್ರಾಸ್ ಸರಕಾರ ಪಂಚಮರ ಶಿಕ್ಷಣಕ್ಕೆ ವಿಶೇಷ ನೆರವಿನ ಆದೇಶ ಹೊರಡಿಸಿದ್ದು 1893ರಲ್ಲಿ, ಚಿಲಿಂಬಿಯ ಶಾಲೆ ತೆರೆದ ಮರುವರ್ಷ. 1897ರಲ್ಲಿ ರಂಗರಾಯರು ಈ ಕೆಲಸಕ್ಕೆ ಒಂದು ಸಂಸ್ಥೆಯ ರೂಪ ಕೊಟ್ಟು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಇದೇ ಹೆಸರಿನ ಪ್ರಸಿದ್ಧ ಸಂಸ್ಥೆಯನ್ನು ವಿಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಕಟ್ಟಿದ್ದು 1906ರಲ್ಲಿ. ಒಂಬತ್ತು ವರ್ಷ ಮುಂದಿದ್ದೂ ನಮ್ಮ ಜಿಲ್ಲೆಯ ಕೆಲಸ ದೇಶದ ಇತಿಹಾಸದ ಪುಸ್ತಕಗಳಲ್ಲಿ ಮೂಲೆಯಲ್ಲೇ ಉಳಿದಿದೆ.

ಮಿಷನ್‌ನ ಕೇಂದ್ರ ಮಂಗಳೂರಿನ ಶೇಡಿಗುಡ್ಡೆ. ಓದು ಬರಹದ ಜೊತೆಗೆ ಅಲ್ಲಿ ಮರಗೆಲಸ, ನೇಯ್ಗೆ ಕಲಿಸಿದರು. ಹುಡುಗಿಯರನ್ನೂ ಓದಿಸಿದರು. ಆದರೆ ಅವರ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಜಾಗದ ವಿಚಾರ. ಧಣಿಯ ಜಾಗದಲ್ಲಿ ಇರುವವರೆಗೆ ಮಗುವನ್ನು ಶಾಲೆಗೆ ಕಳಿಸುವ ಧೈರ್ಯ ಯಾರಿಗೂ ಬಾರದು. ಇವತ್ತು ಕಳಿಸಿದರೆ ನಾಳೆ ಗುಡಿಸಲು ಕಿತ್ತು ಹೊರಡಬೇಕಾದೀತು. ಇದನ್ನು ಅರಿತು ರಂಗರಾಯರು ಗುಡ್ಡದ ಜಾಗಗಳನ್ನು ಪಡೆದು ದಲಿತ ಕುಟುಂಬಗಳಿಗೆ ಹಂಚಿ, ಮನೆ ಕಟ್ಟಿಕೊಳ್ಳಲು ಹಚ್ಚಿದರು. ಪಹಣಿ, ಹಕ್ಕುಪತ್ರ ಎಂದು ನಾವು ಈಗ ತಾಲೂಕು ಕಚೇರಿಗೆ ಅಲೆಯುತ್ತೇವಲ್ಲ, ಆ ಕಾಗದದ ಬೆಲೆ ವಕೀಲರಾದ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಇದಕ್ಕೆಲ್ಲ ಮನೆಯೊಳಗೆ ತೆತ್ತ ಬೆಲೆಯೂ ಇದೆ. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಆಗ ಬಹಿಷ್ಕಾರವೆಂದರೆ ಮದುವೆ ಮುಂಜಿಗೆ ಕರೆಯದಿರುವುದಷ್ಟೇ ಅಲ್ಲ. ಸಾವಿನ ಮನೆಗೂ ಜನ ಬಾರರು, ಮಕ್ಕಳಿಗೆ ಸಂಬಂಧ ಸಿಗದು. ಗಂಡಸು ಹೊರಗೆ ಹೋಗಿ ಸಮಾಜ ಸುಧಾರಣೆ ಮಾಡಿಯಾನು, ನೆರೆಹೊರೆಯ ಮೌನವನ್ನು ದಿನವಿಡೀ ಉಣ್ಣುವವರು ಮನೆಯ ಹೆಂಗಸರು. ಅವರ ಪಾಲನ್ನು ಯಾರೂ ಹೆಚ್ಚಾಗಿ ಬರೆದಿಲ್ಲ. ಬಾಲ್ಯದಲ್ಲೇ ವಿಧವೆಯಾದ ಮಗಳು ರಾಧಾಬಾಯಿಯನ್ನು ರಂಗರಾಯರು ಮೂಲೆಗೆ ಕೂರಿಸಲಿಲ್ಲ. ಮುಂದೆ ಓದಿಸಿದರು, ಜಾತಿ, ಭಾಷೆ ಎರಡೂ ಬೇರೆಯಾದ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರೊಂದಿಗೆ ಮರುಮದುವೆ ಮಾಡಿಸಿದರು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿಗೆ ಹೋದರು, 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್ಸ್‌ಗೆ ಆರಿಸಿ ಬಂದ ಮೊದಲ ಮಹಿಳೆಯಾದರು. ಅವರ ಮಗ ಜನರಲ್ ಪಿ.ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಕ್ವಿಜ್ ಸ್ಪರ್ಧೆಗೆ ತಯಾರಾಗುವ ಮಕ್ಕಳು ಇದನ್ನು ಬರೆದಿಟ್ಟುಕೊಳ್ಳಬಹುದು.

ಇನ್ನು ನಮ್ಮೂರಿನ ಕಡೆ ಒಂದು ಕ್ಷಣ. ಮಂಗಳೂರಿನಿಂದ ಸುಮಾರು 70 ಕಿ.ಮೀ. ದೂರದ, ಚಾರ್ಮಾಡಿ ಘಾಟಿಯ ಬುಡದ ಈ ಅಡಿಕೆ ತೋಟಗಳ ನಡುವೆ ಪ್ರೌಢಶಾಲೆಯೆಂಬುದು ಮನೆಬಾಗಿಲಿಗೆ ಬಂದು ಐವತ್ತು ವರ್ಷವಷ್ಟೇ ಆಗಿದೆ. ಅದೇ ಸುಮಾರಿಗೆ, 1974ರಲ್ಲಿ, ತಿದ್ದುಪಡಿಯಾದ ಭೂಸುಧಾರಣೆ ಕಾನೂನು ಬಂತು. ಡಿಕ್ಲರೇಶನ್ ಹಾಕಿ ಒಕ್ಕಲುಗಳು ಭೂಮಾಲಿಕರಾದ ಕಥೆ ನಮ್ಮ ಮನೆಗಳಲ್ಲಿ ಈಗಲೂ ಜೀವಂತ. ಗೇಣಿ ಚೀಟು ಇದ್ದವರಿಗೆ ಭೂಮಿ ಬಂತು. ಚೀಟೇ ಇಲ್ಲದೆ ಕೂಲಿ ಮಾಡಿದವರಿಗೆ ಹೆಚ್ಚೆಂದರೆ ಕಾಲನಿಯ ಕೆಲವು ಸೆಂಟ್ಸ್ ಬಂತು. ಅವರ ಪಾಲಿಗೆ ಆ ದಶಕದಲ್ಲಿ ನಿಜವಾಗಿ ಸಿಕ್ಕಿದ ಆಸ್ತಿಯೆಂದರೆ ಸರಕಾರಿ ಶಾಲೆಯೇ ಇರಬೇಕು. ಮಳೆಗಾಲದಲ್ಲಿ ಕಾಲುಸಂಕ ದಾಟಿ, ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿಕೊಂಡು ಕಾಲನಿಯಿಂದ ಬರುತ್ತಿದ್ದ ನಮ್ಮ ಸಹಪಾಠಿಗಳಲ್ಲಿ ಕೆಲವರು ಇಂದು ಒಳ್ಳೆಯ ಉದ್ಯೋಗದಲ್ಲಿದ್ದಾರೆ. ಕೆಲವರು ಒಂಬತ್ತನೇ ತರಗತಿಯ ಅಡಿಕೆ ಕೊಯ್ಲಿಗೆ ಹೋದವರು ವಾಪಸು ಬರಲಿಲ್ಲ.

ರಂಗರಾಯರ ಕಾಲದಲ್ಲಿ ದಲಿತ ಮಕ್ಕಳಿಗೆ ಬೇರೆಯೇ ಶಾಲೆ ಬೇಕಾಯಿತು, ಯಾಕೆಂದರೆ ಊರಿನ ಶಾಲೆ ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಈಗ ಊರಿನ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ. ಆದರೆ ಅನುಕೂಲವಿದ್ದವರ ಮಕ್ಕಳು ಹಳದಿ ಬಸ್ಸು ಹತ್ತಿ ಇಂಗ್ಲಿಷ್ ಮಾಧ್ಯಮಕ್ಕೆ ಹೊರಟುಹೋಗುತ್ತಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನಂಥವರ ಮಕ್ಕಳಂತೂ ಇಲ್ಲಿಲ್ಲವೇ ಇಲ್ಲ. ಯಾರೂ ಯಾರನ್ನೂ ಹೊರಗಿಡದೆಯೇ ಶಾಲೆಗಳು ಮತ್ತೆ ಎರಡಾಗುತ್ತಿವೆ. ಹಳೆ ವಿದ್ಯಾರ್ಥಿ ಸಂಘದವರು ಸ್ಮಾರ್ಟ್ ಕ್ಲಾಸು, ಬಣ್ಣ, ಗೇಟು ಇವುಗಳ ಜೊತೆಗೆ ಈ ವಿಷಯವನ್ನೂ ಒಂದು ದಿನ ಕೂತು ಮಾತಾಡಬೇಕು.

ಪ್ರಾಯ ಹೆಚ್ಚಾದಂತೆ ರಂಗರಾಯರಿಗೆ ತನ್ನ ನಂತರ ಇದೆಲ್ಲ ಏನಾದೀತೆಂಬ ಚಿಂತೆ ಹತ್ತಿತು. ಒಬ್ಬ ವ್ಯಕ್ತಿಯ ಮೇಲೆ ನಿಂತ ಸಂಸ್ಥೆ ಆ ವ್ಯಕ್ತಿಯೊಂದಿಗೇ ಹೋಗುವುದನ್ನು ನಾವು ಎಷ್ಟೋ ಕಂಡಿದ್ದೇವೆ. ಅವರು ಮಿಷನ್ನನ್ನು ಗೋಖಲೆಯವರು ಕಟ್ಟಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಕೈಗೆ ಒಪ್ಪಿಸಿದರು. 1927ರಲ್ಲಿ ಸನ್ಯಾಸ ತೆಗೆದುಕೊಂಡು ಸ್ವಾಮಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತನ್ನ ಶವವನ್ನು ದಲಿತರೇ ಹೊರಬೇಕೆಂದು ಮೊದಲೇ ತಿಳಿಸಿಟ್ಟಿದ್ದರು, ಹಾಗೆಯೇ ನಡೆಯಿತು. ಆರು ವರ್ಷಗಳ ನಂತರ, 1934ರ ಫೆಬ್ರವರಿಯಲ್ಲಿ, ಹರಿಜನ ಯಾತ್ರೆಯಲ್ಲಿದ್ದ ಗಾಂಧೀಜಿ ಮಂಗಳೂರಿಗೆ ಬಂದರು. ಆ ಹೊತ್ತಿಗೆ ಈ ನಗರದ ದಲಿತ ಮಕ್ಕಳು ಶಾಲೆಗೆ ಹೋಗತೊಡಗಿ ನಾಲ್ಕು ದಶಕ ದಾಟಿತ್ತು.

ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ. ಯಕ್ಷಗಾನಕ್ಕೋ ಸಭೆಗೋ ಅಲ್ಲಿಗೆ ಹೋಗುವ ಎಷ್ಟೋ ಮಂದಿಗೆ ಅದೊಂದು ವಿಳಾಸ ಮಾತ್ರ. ಅವರ ಸಮಾಧಿ ಇರುವುದು ನಂದಿಗುಡ್ಡೆಯಲ್ಲಿ. ಅವರ ಬಯಕೆಯೊಂದನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿಸಿದ್ದಾರೆ: ತನ್ನ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಉದ್ಯೋಗ ಹಿಡಿದು, ಸ್ವಂತ ಕಾರಿನಲ್ಲಿ ಊರಿನ ರಸ್ತೆಯಲ್ಲಿ ಹೋಗಬೇಕು, ಆ ಕಾರಿನ ಚಕ್ರದಿಂದೆದ್ದ ಧೂಳು ತನ್ನ ತಲೆಯ ಮೇಲೆ ಬೀಳಬೇಕು, ಆಗ ತನ್ನ ಜನ್ಮ ಸಾರ್ಥಕ ಎಂಬರ್ಥದ ಮಾತು. ರಾಜಧಾನಿಯಿಂದ ಊರಿಗೆ ಬರುವ ನಮ್ಮ ಬ್ಯಾಚಿನ ಕಾರುಗಳಲ್ಲಿ ಅಂಥದ್ದೂ ಒಂದೆರಡು ಇವೆ. ರಸ್ತೆಗೆ ಕಾಂಕ್ರೀಟು ಬಂದು ಧೂಳು ಮಾತ್ರ ಏಳುವುದಿಲ್ಲ.